ಒಡೆದವು ಏಳು

ಶಿರಹಟ್ಟಿಯ ಉಪಖಜಾನೆಗೆ ಬಜೆಟ್ಟು
ಭಾಷಣವಾಗಿ ಬರುವುದಿಲ್ಲ.
ಟ್ಯಾಗಿನ ದಾರ ಪೋಣಿಸಿಕೊಂಡು, ಮೂಲೆ ಮಡಚಿಕೊಂಡು
ಅಟೆಂಡರ್ ಫಕ್ಕೀರಪ್ಪನ ಕಂಕುಳಲ್ಲಿ ಬರುತ್ತದೆ,
ಸ್ವಲ್ಪ ಬೆವರು ಹತ್ತಿರುತ್ತದೆ.

ಮೂರು ವಾರದ ಹಿಂದೆ, ಎದುರಿನ ಚಹಾದಂಗಡಿಯ ಟಿವಿಯಲ್ಲಿ
ಮಂತ್ರಿಗಳು ಓದುತ್ತಿದ್ದರು. ಇಷ್ಟು ಸಾವಿರ ಕೋಟಿ, ಅಷ್ಟು ಸಾವಿರ ಕೋಟಿ,
ನಡುನಡುವೆ ಒಂದು ವಚನ, ಒಂದು ಗುಟುಕು ನೀರು.
ಮೇಜು ಕುಟ್ಟಿದ ಸದ್ದಿಗೆ
ಬಶಿಯೊಳಗಿನ ಚಹಾ ನಡುಗಿತು ಅಂದುಕೊಂಡೆ;
ಅಲ್ಲ, ಗದಗಿನ ಬಸ್ಸು ತಿರುಗಿದ್ದು.

ಇವತ್ತು ಮಾರ್ಚ್ ಮೂವತ್ತೊಂದು.
ರಾತ್ರಿ ಹನ್ನೆರಡಕ್ಕೆ, ಖರ್ಚಾಗದ ರೊಕ್ಕ ಸಾಯುತ್ತದೆ.
ಅದಕ್ಕೇ ವರ್ಷವಿಡೀ ನಿದ್ದೆ ಹೊಡೆದ ಇಲಾಖೆಗಳೆಲ್ಲ
ನನ್ನ ಕಿಟಕಿಗೆ ಹಣೆ ಒತ್ತಿ ನಿಂತಿವೆ.
ಮುಂದೆ, ಕಡಕೋಳ ರಸ್ತೆಯ ಗುಂಡಿ ಮುಚ್ಚಿದ ಬಿಲ್ಲು ಹಿಡಿದ ಗುತ್ತಿಗೆದಾರ.
ಹಿಂದೆ, ಅದೇ ಊರಿನ ಅಂಗನವಾಡಿಯ ದಾವಲಬಿ ನದಾಫ್.

ಅವಳ ಬಿಲ್ಲು ಗೊತ್ತು ನನಗೆ. ಫೆಬ್ರುವರಿಯಲ್ಲಿ
ನಾನೇ ಕೆಂಪು ಶಾಯಿ ಹಚ್ಚಿ ತಿರುಗಿ ಕಳಿಸಿದ್ದೆ.
ಮೊಟ್ಟೆ ಮುನ್ನೂರಾ ಅರವತ್ನಾಲ್ಕು, ದರ ಆರು ರೂಪಾಯಿ.
ಕೆಳಗೆ ಗುಂಡಗಿನ ಅಕ್ಷರದಲ್ಲಿ, ಯಾರೂ ಕೇಳದೆ, ಬರೆದಿದ್ದಳು:
‘ದಾರಿಯಲ್ಲಿ ಒಡೆದವು ಏಳು. ಎರಡನ್ನು ಬೆಕ್ಕು ನೆಕ್ಕಿತು.’

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ
ಒಡೆದದ್ದನ್ನು ಒಡೆದದ್ದೆಂದು ಬರೆದ ವೋಚರು
ನಾನು ಕಂಡಿರಲಿಲ್ಲ.
ಅದಕ್ಕೆ ಲೆಕ್ಕಶೀರ್ಷಿಕೆಯೇ ಇಲ್ಲ.
ಸೇತುವೆಗೆ ಇದೆ, ಸೇತುವೆ ಉದ್ಘಾಟನೆಯ ಶಾಮಿಯಾನಕ್ಕೂ ಇದೆ,
ಬೆಕ್ಕಿಗಿಲ್ಲ.

‘ಎಲ್ಲಾ ಹುಡುಗೂರು ತಿಂದ್ವು ಅಂತ ಬರದಿದ್ರ
ಅವತ್ತ ಮುಗೀತಿತ್ತಲ್ಲ ತಂಗಿ.’
‘ಹೆಂಗ ಬರೀಲ್ರಿ ಸಾಹೇಬ್ರ,
ಅವತ್ತ ಏಳ ಮಂದಿ ಬರೇ ಅನ್ನ ಉಂಡಾವು.
ಹೆಸರ ಹೇಳ್ಲೇನು?’
ಹೇಳಿದಳು. ಕೇಳಿಸದವನ ಹಾಗೆ ಕೀಲಿಮಣೆ ಒತ್ತುತ್ತಿದ್ದೆ.
ನಾಲ್ಕನೆಯ ಹೆಸರಿಗೆ ಬೆರಳು ತಪ್ಪಿತು.

ಹನ್ನೊಂದು ನಲವತ್ತಕ್ಕೆ ಸರ್ವರ್ ನಿಂತಿತು.
ತೆರೆಯ ಮೇಲೆ ಸೊನ್ನೆಯೊಂದು ತಿರುಗತೊಡಗಿತು,
ಲಕ್ಷ ಕೋಟಿಯ ಬಾಲದಿಂದ ಉದುರಿದ ಒಂಟಿ ಸೊನ್ನೆ.
ಗುತ್ತಿಗೆದಾರ, ಫಕ್ಕೀರಪ್ಪ, ನಾನು, ದಾವಲಬಿ
ಎಲ್ಲರೂ ಸುತ್ತ ಕೂತೆವು,
ಕಾವು ಕೊಡುವವರಂತೆ.

ಹನ್ನೊಂದು ಐವತ್ತೆರಡು. ತೆರೆಯಿತು.
ರಸ್ತೆಯದು ಪೂರ್ತಿ ಪಾಸು.
ಮೊಟ್ಟೆಯದು ಎರಡು ಸಾವಿರದ ನೂರಾ ನಲವತ್ತೆರಡು ಪಾಸು,
ನಲವತ್ತೆರಡು ಕಡಿತ.

‘ಆ ಏಳು ಎಲ್ಲಿ ಹೋದೂ ಅಂತ ಬರದ್ರಿ?’
‘ಸರಕಾರಕ್ಕೆ ವಾಪಸ್ಸು.’
‘ಹಂಗಾರ ಎರಡ ಬೆಕ್ಕು ತಿಂತು, ಐದ ಸರಕಾರ,’
ಅಂದಳು, ಸೆರಗಿನಲ್ಲಿ ನಗು ಒರೆಸಿಕೊಂಡು.

ಫಕ್ಕೀರಪ್ಪ ಅರಗು ಕರಗಿಸಿ ಬೀಗಕ್ಕೆ ಮುದ್ರೆ ಒತ್ತಿದ.
ಆ ಹೊತ್ತಿಗೆ ಯಾವ ಬಸ್ಸು?
ಗುತ್ತಿಗೆದಾರನೇ ಜೀಪಿನಲ್ಲಿ ಅವಳನ್ನು ಹತ್ತಿಸಿಕೊಂಡ.
ಊರು ದಾಟಿ ಎರಡು ಮೈಲಿಗೆ ಹೇಳಿದಳಂತೆ,
‘ಸಾವಕಾಶ ಹೊಡೀರಿ ಗೌಡ್ರ,
ಇಲ್ಲೇ ಒಡದಿದ್ವು.’