ಮೂಗು ಮೊದಲು

ಗೊಂಬೆ ಕುರ್ಚಿಯಿಂದ ಏಳಬೇಕು. ಇಷ್ಟೇ ಸಿನಿಮಾ.
ಎದ್ದು, ಕಿಟಕಿಯವರೆಗೆ ನಾಲ್ಕು ಹೆಜ್ಜೆ ಹೋಗಿ
ಪರದೆ ಸರಿಸಬೇಕು. ಆಚೆ ಏನಿದೆ ಅಂತ
ನಾವಿನ್ನೂ ನಿರ್ಧರಿಸಿಲ್ಲ.

ಲಾರ್ಗ್ಸ್ ಸ್ಟೇಷನ್ನಿನ ಬೆನ್ನಿಗಂಟಿದ ಗ್ಯಾರೇಜು.
ಅಡಿಲೇಡಿನ ರೈಲು ಹಾದಾಗೆಲ್ಲ
ಮೇಜು ಜುಮ್ಮೆನ್ನುತ್ತದೆ; ಕೂತಲ್ಲೇ ಗೊಂಬೆಗೆ
ಕೂದಲೆಳೆಯಷ್ಟು ವಯಸ್ಸಾಗುತ್ತದೆ.
ಹಾಗಾಗಿ ಟೈಂಟೇಬಲ್ಲು ಗೋಡೆಗೆ ಅಂಟಿಸಿದ್ದೇವೆ,
ರಾಹುಕಾಲ ನೋಡಿದ ಹಾಗೆ ನೋಡಿಕೊಂಡೇ
ಅವಳನ್ನು ಮುಟ್ಟುವುದು.

ಹಗಲು ನಾನು ಹಲ್ಲು ಕಟ್ಟುವವಳು.
ಪೋರ್ಟ್ ರೋಡಿನ ಲ್ಯಾಬಿನಲ್ಲಿ ಊರವರ ದವಡೆಗಳೆಲ್ಲ
ಪ್ಲಾಸ್ಟರಿನ ಅಚ್ಚಾಗಿ ನನ್ನೆದುರು ಸಾಲಾಗಿ ಕೂತಿರುತ್ತವೆ,
ಒಂದೂ ನಗದೆ.
ಅಲ್ಲಿ ಉಳಿದ ಗುಲಾಬಿ ಮೇಣವೇ ಇವಳ ಕೆನ್ನೆ, ಕಿವಿ, ಕೈ.
ಎಲುಬು ಮಾತ್ರ ಮರ್ವಿನ್‌ನದು.
ಹಡಗುಕಟ್ಟೆಯಲ್ಲಿ ಮೂವತ್ತು ವರ್ಷ ಬೆಸುಗೆ ಹಾಕಿದ
ಪಕ್ಕದ ಮನೆಯಾತ. ಕಡಲೆಕಾಳಿಗಿಂತ ಸಣ್ಣ
ಉಕ್ಕಿನ ಗುಂಡು, ಅದು ಕೂರಲೊಂದು ಬಟ್ಟಲು,
ಹೀಗೆ ಹದಿನಾಲ್ಕು ಕೀಲು.
"ಬಿಗಿ ಇರಲಿ, ಹಟ ಇರಬಾರದು" ಅನ್ನುತ್ತ
ಅವಳ ಸೊಂಟವನ್ನು ಕಿವಿಯ ಹತ್ತಿರ ಹಿಡಿದು
ತಿರುಗಿಸಿ ಕೇಳುತ್ತಿದ್ದ.

ಒಂದು ಸೆಕೆಂಡಿಗೆ ಹನ್ನೆರಡು ಚಿತ್ರ.
ನಲವತ್ತಾರು ವರ್ಷ ದಿನಾ ಎದ್ದವಳಿಗೆ
ಏಳುವುದು ಹೇಗೆ ಅಂತ ಗೊತ್ತಿರಲಿಲ್ಲ.
ನನ್ನ ಗೊಂಬೆ ನೆಟ್ಟಗೆ ಮೇಲೆ ಹೋದಳು
ಯಾರೋ ಜುಟ್ಟು ಹಿಡಿದೆತ್ತಿದ ಹಾಗೆ.
ಎಪ್ಪತ್ತು ಚಿತ್ರ ಅಳಿಸಿದೆ.
ಮರ್ವಿನ್ ಬಕೆಟ್ಟು ಬೋರಲು ಹಾಕಿ ಕೂತ:
"ನೋಡು. ಮೊದಲು ಮೂಗು ಮುಂದೆ ಬರುತ್ತೆ.
ಆಮೇಲೆ ಕೈ ಮಂಡಿ ಹುಡುಕುತ್ತೆ. ಕುಂಡೆ ಕಟ್ಟಕಡೆಗೆ."
ಎದ್ದ. ಅರ್ಧದಲ್ಲಿ ನಿಂತ. ಮುಖ ಬಿಳಿಚಿತು.
"ಇಷ್ಟು ನಿಧಾನ ಬೇಡ" ಅಂತ ನಕ್ಕೆ.
ಅವನು ನಟಿಸುತ್ತಿರಲಿಲ್ಲ.

ಇನ್ನೂರ ಹನ್ನೊಂದನೆಯ ಚಿತ್ರದಲ್ಲಿ ಅವಳ ಮೂಗು
ಮಂಡಿಯ ನೇರಕ್ಕೆ ಬಂದಿದೆ.
ಇನ್ನೂರ ಹನ್ನೆರಡು ತೆಗೆಯುವ ಮೊದಲು
ಆಸ್ಪತ್ರೆಯಿಂದ ಫೋನು: ಯಾರದೋ ಸರದಿ ತಪ್ಪಿದೆ,
ನಾಳೆ ಬೆಳಿಗ್ಗೆಯೇ ಬನ್ನಿ.
ಮರ್ವಿನ್‌ನ ಎಡ ಸೊಂಟ ಬಿಚ್ಚಿ
ಒಂದು ಗುಂಡು, ಒಂದು ಬಟ್ಟಲು ಕೂರಿಸಿದರು.

ಆ ವಾರ ನಲವತ್ತೆರಡು ಡಿಗ್ರಿ.
ಅವನ ಟೊಮೆಟೊಗೆ ನೀರು ಹಾಕಿದೆ,
ಬೆಕ್ಕಿಗೆ ಊಟ ಹಾಕಿದೆ, ಬೆಕ್ಕು ಕಚ್ಚಿತು.
ಗ್ಯಾರೇಜಿನತ್ತ ಕಾಲೇ ಹೋಗಲಿಲ್ಲ.
ಆರನೆಯ ರಾತ್ರಿ ಅವನ ಕರೆ:
"ಇಲ್ಲೊಬ್ಬಳು ಹುಡುಗಿ ನನಗೆ ಏಳೋದು ಕಲಿಸ್ತಿದ್ದಾಳೆ.
ಏನಂತಾಳೆ ಗೊತ್ತಾ? ಮೂಗು ಮೊದಲಂತೆ!"

ಹನ್ನೊಂದನೆಯ ದಿನ ಬಾಗಿಲು ತೆರೆದರೆ
ಮೇಣ ಬೆವರಿತ್ತು. ಎಡ ಭುಜ ಇಳಿದು
ಗದ್ದ ಎದೆಯ ಹತ್ತಿರ ಬಂದಿತ್ತು,
ನಾವಿಲ್ಲದ ವೇಳೆ ಯಾರೋ ಏನೋ ಹೇಳಿ ಹೋದಂತೆ.
ಒಳಗಿನ ಉಕ್ಕು ಅಲ್ಲಾಡಿರಲಿಲ್ಲ.
ಸರಿಮಾಡಲು ಚಾಕು ಬಿಸಿಮಾಡಿದೆ.
ವಾಕರ್ ತಳ್ಳಿಕೊಂಡು ಬಂದವನು ಹೊಸ್ತಿಲಲ್ಲೇ ನಿಂತು
ತುಂಬ ಹೊತ್ತು ನೋಡಿದ.
"ಬಿಡು" ಅಂದ.

ಬಿಟ್ಟೆ.
ಈಗ ಓಡಿಸಿ ನೋಡಿದರೆ ಆ ಹನ್ನೊಂದು ದಿನ
ಸೆಕೆಂಡಿನ ಹನ್ನೆರಡನೆಯ ಒಂದು ಪಾಲು.
ರೆಪ್ಪೆ ಬಡಿದವರಿಗೆ ಸಿಗುವುದಿಲ್ಲ.
ಸಿಕ್ಕವರಿಗೆ, ಏಳುತ್ತ ಏಳುತ್ತ ಅವಳಿಗೆ
ಏನೋ ಥಟ್ಟನೆ ನೆನಪಾಯಿತು ಅನ್ನಿಸಬಹುದು.
ಕಿಟಕಿಯಾಚೆ ಕೊನೆಗೂ ಏನೂ ಇಡಲಿಲ್ಲ. ಬರೀ ಬಲ್ಬು.

ಸದ್ದು ಕಡೆಗೆ ಸೇರಿಸಿದ್ದು.
ಏಳುವಾಗ ಅವಳು ಏನನ್ನಬೇಕು?
ಮರ್ವಿನ್ ಹಡಗುಕಟ್ಟೆಯ ಒಂದು ಬೈಗುಳ ಸೂಚಿಸಿದ;
ಮಕ್ಕಳೂ ನೋಡುತ್ತಾರಪ್ಪಾ ಅಂದೆ.
ರೈಲಿಲ್ಲದ ಹದಿನೆಂಟು ನಿಮಿಷ ಹುಡುಕಿ
ಮೈಕಿನೆದುರು ಬಕೆಟ್ಟಿನ ಮೇಲೆ ಕೂತು ನಾನೇ ಎದ್ದೆ.
"ಉಸ್ಸಪ್ಪಾ" ಅಂತು ಬಾಯಿ, ತಾನಾಗಿ,
ಚಿಂತಾಮಣಿಯ ನನ್ನ ಸೋದರತ್ತೆಯ ದನಿಯಲ್ಲಿ.
"ಹಾಗಂದರೇನು?" ಅಂದ.
ಹೇಳಲು ಪದ ಹುಡುಕುವಷ್ಟರಲ್ಲಿ
ಅವನಾಗಲೇ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ
ಮಂಡಿ ತಡಕುತ್ತಿದ್ದ.