ಪ್ರತಿನಿಧಿ ಶುಲ್ಕ

ಕುಂಬಳೆಯ ಶಾಲೆ. ಏಳನೇ ಕ್ಲಾಸಿನ ಬಾಗಿಲಿಗೆ
ಅಡ್ಡ ಇಟ್ಟ ಮೇಜು, ಅದರ ಹಿಂದೆ ನಾನು, ಖಜಾಂಚಿ.
ರಸೀದಿ ಪುಸ್ತಕ ಮಲೆಯಾಳದಲ್ಲಿ ಅಚ್ಚಾಗಿದೆ,
ನಾನು ತುಂಬುವ ಹೆಸರು ಕನ್ನಡದಲ್ಲಿ.
ಮುನ್ನೂರು ಮಾತ್ರ ಎರಡಕ್ಕೂ ಒಂದೇ ಅಂಕಿ.

ಮೊದಲು ಬಂದವರು ಸೊಸೈಟಿ ಬ್ಯಾಂಕಿನ ಸದಾಶಿವ ರೈ.
ಫೋನೆತ್ತಿ ಕಪ್ಪು ಚೌಕಕ್ಕೆ ತೋರಿಸಿ
ಟಿಂಗ್ ಎನಿಸಿ ಒಳಗೆ ಹೋದರು.
ಅವರ ಬಗ್ಗೆ ಇಷ್ಟೇ ನೆನಪು.

ಆಮೇಲೆ ಬಂದ್ಯೋಡಿನ ಕಮಲಾಕ್ಷಿ.
ಸೆರಗಿನ ಗಂಟಿನಿಂದ ಮೂರು ಸುರುಳಿ ನೋಟು,
ಬೀಡಿಗೆ ಸುತ್ತಿದ ಹಾಗೆ ಒಂದೊಂದಕ್ಕೂ ಕೆಂಪು ನೂಲು.
ಮೇಜಿಗೆಲ್ಲ ಹೊಗೆಸೊಪ್ಪಿನ ವಾಸನೆ.
"ನಿಮಗೆ ಬಿಡಬಹುದು ಅಕ್ಕ," ಅಂದೆ, ಯಾರಿಗೂ ಕೇಳದ ಹಾಗೆ.
ಅವರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು:
"ಮಧ್ಯಾಹ್ನದ ಊಟ ನನ್ನ ದುಡ್ಡಿನದ್ದಾದರೆ
ಸಾಂಬಾರಿಗೆ ಉಪ್ಪಿಲ್ಲ ಅಂತ ಹೇಳಬಹುದು ಮಾರಾಯರೇ.
ಪುಕ್ಕಟೆ ಉಂಡವಳಿಗೆ ಉಪ್ಪು ಕೇಳಲು ಬಾಯಿ ಎಲ್ಲಿದೆ?
ಬರೆಯಿರಿ. ದೀರ್ಘ ಮರೆಯಬೇಡಿ, ಲಾ."

ಹತ್ತೂವರೆಗೆ ಮುಳಿಗುಡ್ಡೆಯ ಕೆಂಪುಕಲ್ಲಿನ ಕ್ವಾರಿಯವರು.
ಅವರು ಪ್ರತಿನಿಧಿಯಲ್ಲ, ಹಿತೈಷಿ.
ಕಾರಿನಿಂದ ಇಳಿಯದೆ ಕೇಳಿದರು,
"ನೂರನಲ್ವತ್ತು ಜನವಾ? ಒಟ್ಟು ಹೇಳಿ, ನಾನು ಕೊಡುತ್ತೇನೆ.
ಬಡವರ ಕಿಸೆಗೆ ಯಾಕೆ ಕೈ ಹಾಕುತ್ತೀರಿ?"
ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.
ಒಳಗೆ ಹಲಗೆಯ ಮೇಲೆ ಆರನೆಯ ನಿರ್ಣಯ:
ಮುಳಿಗುಡ್ಡೆ ಕಡಿಯುವುದನ್ನು ನಿಲ್ಲಿಸಬೇಕು.
"ಒಬ್ಬರಿಗೆ ಒಂದೇ ರಸೀದಿ ಅಣ್ಣಾ," ಅಂದೆ.
ಅವರು ನಕ್ಕರು. ಗಾಜು ಪೂರ್ತಿ ಏರಿದ ಮೇಲೂ
ಹಲ್ಲು ಕಾಣುತ್ತಿತ್ತು.

ಅಲ್ಲಿಯವರೆಗೆ ನಾನು ಸರಿ ಇದ್ದೆ.

ಹನ್ನೊಂದಕ್ಕೆ ಗೇಟಿನಲ್ಲಿ ಕೊಗ್ಗು.
ಸುರಂಗ ತೋಡುವವನು; ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ತೆವಳಿ
ಹನಿಯ ಜಾಡು ಹಿಡಿದು ನೀರು ಹೊರಗೆ ತರುವವನು.
ಆರನೆಯದನ್ನು ಮಂಡಿಸಲು ಶಾಖೆ ಆರಿಸಿದ್ದು ಅವನನ್ನೇ.
ಗೋಡೆಯ ಚೀಟಿ ಓದಿದ. ಇನ್ನೊಮ್ಮೆ ಓದಿದ.
ಇಸ್ತ್ರಿ ಹಾಕಿದ ಅಂಗಿಯ ಕಿಸೆಯನ್ನು
ಹೊರಗಿನಿಂದಲೇ ಮುಟ್ಟಿ ನೋಡಿದ.
ಚಾ ಕುಡಿಯಲು ಹೋದನೆಂದುಕೊಂಡೆ.
ನನಗೂ ಚಿಲ್ಲರೆಯ ಗಡಿಬಿಡಿ.

ಮಧ್ಯಾಹ್ನ ಮೈಕು ಎರಡು ಭಾಷೆಯಲ್ಲಿ ಅವನನ್ನು ಕರೆಯಿತು.
ಫ್ಯಾನು ತಿರುಗಿತು.
"ಮಂಡಿಸುವವರಿಲ್ಲ, ಮುಂದಿನ ಸಮ್ಮೇಳನಕ್ಕೆ," ಎಂದರು ಅಧ್ಯಕ್ಷರು.
ಕಮಲಾಕ್ಷಿ ಎದ್ದು ನಿಂತು ವೇದಿಕೆಯನ್ನಲ್ಲ,
ಬಾಗಿಲ ಬಳಿ ಕೂತ ನನ್ನನ್ನು ನೋಡಿದರು.

ರಾತ್ರಿ ಲೆಕ್ಕ ಬರೆದೆ.
ನೂರಮೂವತ್ತೊಂಬತ್ತು ರಸೀದಿ, ನಲ್ವತ್ತೊಂದು ಸಾವಿರದ ಏಳುನೂರು.
ಪೈಸೆ ಪೈಸೆಗೆ ತಾಳೆ.
ಒಳಗೆ ಬಾರದವನ ಹೆಸರಿಗೆ ಬಾಕಿ ಇರುವುದಿಲ್ಲ,
ಅದು ಪುಸ್ತಕದ ನಿಯಮ.

ಶುಲ್ಕ ಬೇಕೇ ಎಂದು ಕೇಳಿದರೆ ಈಗಲೂ ಬೇಕೆನ್ನುತ್ತೇನೆ,
ಆ ಕಾರಿನ ಗಾಜು ನೆನಪಾಗಿ.
ಹಾಗೆನ್ನುವಾಗ ಇಸ್ತ್ರಿಯ ಗೆರೆ ಕಾಣುತ್ತದೆ,
ಸ್ವರ ಸಣ್ಣಗಾಗುತ್ತದೆ. ಎರಡೂ ಒಂದೇ ಗಂಟಲು.

ವಾರ ಕಳೆದು ಸೀತಾಂಗೋಳಿಯ ಆಚೆ ಹುಡುಕಿ ಹೋದೆ.
ಸುರಂಗದ ಒಳಗಿನಿಂದ ಗುದ್ದಲಿಯ ಸದ್ದು,
ಬೆರಳಷ್ಟು ಮೇಣದಬತ್ತಿ ಬೆಳಕು.
ಅದು ಮಂಕಾದರೆ ಗಾಳಿ ಮುಗಿಯಿತೆಂದು ಲೆಕ್ಕ,
ಹಿಂದೆ ಬರಬೇಕು.
ಬಾಯಿಗೆ ಬಗ್ಗಿ ಕೂಗಿದೆ:
"ಕೊಗ್ಗೂ, ಒಂದು ಮಾತು ಹೇಳಿದ್ದರೆ ಬಿಡುತ್ತಿದ್ದೆನಲ್ಲ!"
ಗುದ್ದಲಿ ನಿಂತಿತು.
"ಗೊತ್ತಿತ್ತು ಮಾಷ್ಟ್ರೇ," ಎಂದಿತು ಕತ್ತಲು,
"ಅದಕ್ಕೇ ಬರಲಿಲ್ಲ."

ಮತ್ತೆ ಸದ್ದು.
ಸ್ವಲ್ಪ ಹೊತ್ತಿಗೆ ಒಂದು ಬುಟ್ಟಿ ಮಣ್ಣು
ನೆಲಕ್ಕೆ ಉಜ್ಜುತ್ತ ನನ್ನ ಕಡೆ ಬಂತು,
ಹಿಡಿಯಿರಿ ಎಂದೂ ಹೇಳದೆ.
ಹಿಡಿದೆ, ಹೊತ್ತೆ, ಸುರಿದೆ.
ಎರಡನೆಯದಕ್ಕೆ ಬಿಳಿ ಅಂಗಿ ಕೆಂಪಾಯಿತು.
ಮೂರನೆಯದು ಬರುವ ಸದ್ದಾಗುತ್ತಿದೆ.