ತೂಕದ ಕಲ್ಲು

ಅಜ್ಜಿ ಇದನ್ನು ನಾಲಿಗೆಯಡಿ ಇಟ್ಟುಕೊಂಡೇ
ಬಾಬೆಲಿನ ತನಕ ನಡೆದಳಂತೆ.
ಖರ್ಜೂರದ ಬೀಜಕ್ಕಿಂತ ತುಸು ದಪ್ಪ,
ತಲೆ ಗುಂಡಗೆ, ತಳ ಚಪ್ಪಟೆ, ನೆತ್ತಿಯಲ್ಲೊಂದು ಗೀರು.
ಸಿಪಾಯಿಗಳು ಹೆರಳು ಬಿಚ್ಚಿ ನೋಡಿದರು,
ಅಂಗಿಯ ಅಂಚು ಹರಿದು ನೋಡಿದರು,
ಬಾಯಿ ತೆರೆ ಅನ್ನಲಿಲ್ಲ.
ಸೋತವರ ಬಾಯಲ್ಲಿ ಅಳು ಬಿಟ್ಟು ಇನ್ನೇನಿದ್ದೀತು!

ಬೆನ್ನ ಹಿಂದೆ ದೇವಾಲಯ ಉರಿಯುತ್ತಿತ್ತು.
ಸುಡುವ ದೇವದಾರಿನ ಘಮ ಎಷ್ಟು ಚೆನ್ನಾಗಿತ್ತೆಂದರೆ
ನನಗೇ ನಾಚಿಕೆಯಾಯಿತು ಅನ್ನುತ್ತಿದ್ದಳು.
ಗಂಧಿಗರ ಮನೆಯವಳು,
ಮೂಗು ಹೇಳಿದ ಮಾತು ಕೇಳಬೇಕಲ್ಲ.

ನಮ್ಮದು ಅಭಿಷೇಕದ ತೈಲ ಕೂಡಿಸುವ ಮನೆ.
ರಕ್ತಬೋಳ ಐನೂರು ತೂಕ, ದಾಲ್ಚಿನ್ನಿ ಅದರರ್ಧ,
ಬಜೆಯೂ ಅರ್ಧ, ಲವಂಗಚಕ್ಕೆ ಮತ್ತೆ ಐನೂರು,
ಮೇಲೆ ಎಣ್ಣೆಮರದ ಎಣ್ಣೆ.
ಯಾವ ತೂಕ? ಸಂತೆಯದಲ್ಲ, ಅರಮನೆಯದಲ್ಲ,
ದೇವಸ್ಥಾನದ ತೂಕ. ಅದೇ ಈ ಕಲ್ಲು.
ಕಂಡಕಂಡ ಮೈಗೆ ಆ ತೈಲ ಸೋಕಬಾರದು:
ಯಾಜಕ, ಬಲಿಪೀಠ, ದೀಪಸ್ತಂಭ,
ಆಮೇಲೆ
ನಾವೇ ಹಟ ಹಿಡಿದು ಬೇಡಿಕೊಂಡ ರಾಜ.

ಬೇಡಬೇಡಿ ಅಂದಿದ್ದ ಹಳೆಯ ಪ್ರವಾದಿ.
ನಿಮ್ಮ ಹುಡುಗರು ಅವನ ರಥದ ಮುಂದೆ ಓಡುತ್ತಾರೆ,
ನಿಮ್ಮ ಹುಡುಗಿಯರು ಅವನಿಗೆ ಪರಿಮಳ ಅರೆಯುತ್ತಾರೆ.
ಊರಿಗೆ ಊರೇ ಕಿವಿ ಮುಚ್ಚಿಕೊಂಡಿತ್ತು.
ಹಾಗೆ ಮೊದಲು ಒಯ್ದ ಹುಡುಗಿಯ ಹೆಸರು
ಯಾವ ವಂಶಾವಳಿಯಲ್ಲೂ ಇಲ್ಲ.
ನಮ್ಮಲ್ಲಿದೆ. ಹೆಲಾ.
ನಾವೆಲ್ಲ ಅವಳ ಬೆರಳುಗಳು.

ಒಬ್ಬನ ತಲೆಗೆ ಎರೆದದ್ದು ಗಡ್ಡಕ್ಕಿಳಿಯುವ ಮೊದಲೇ
ಯಾರದೋ ತೋಟದ ಮೇಲೆ ಕಣ್ಣು.
ಒಬ್ಬ ಒಳ್ಳೆಯವನಿದ್ದ, ಬಾಣ ಅವನನ್ನೇ ಹುಡುಕಿತು.
ಕೊನೆಯವನಿಗೆ ಮಕ್ಕಳನ್ನು ಕೊಂದು ತೋರಿಸಿ
ಆಮೇಲೆ ಕಣ್ಣು ಕಿತ್ತರು.
ಅಷ್ಟೂ ತಲೆಗಳಿಗೆ ನಮ್ಮ ಎಣ್ಣೆಯೇ.

ಈಗ ಮರಳಿ ಬಂದು ಗೋಡೆ ಏರಿಸಿದ್ದೇವೆ.
ಒಳಕೋಣೆ ಖಾಲಿ. ಮಂಜೂಷವಿಲ್ಲ, ಕೆರೂಬಿಗಳ ರೆಕ್ಕೆಯಿಲ್ಲ.
ವರ್ಷಕ್ಕೊಮ್ಮೆ ಮಹಾಯಾಜಕ ಒಬ್ಬನೇ ಹೊಕ್ಕು
ಬರಿಯ ನೆಲಕ್ಕೆ ತಲೆಬಾಗಿ ಬರುತ್ತಾನೆ.
ಹೊರಬಂದವನ ಮುಖ ನೋಡಿದರೆ
ಖಾಲಿ ಅನ್ನಿಸುವುದಿಲ್ಲ.

ದಾವೀದನ ಬುಡದಿಂದ ಚಿಗುರು ಒಡೆಯುತ್ತದೆ ಅನ್ನುತ್ತಾರೆ.
ಒಬ್ಬನಿದ್ದ, ನಮ್ಮ ಜೊತೆಗೇ ಕಲ್ಲು ಹೊತ್ತ.
ಪಾರಸಿಯರಿಂದ ಓಲೆ ಬಂತು. ಹೋದ.
ಆ ಹೆಸರು ಈಗ ಯಾರೂ ಎತ್ತುವುದಿಲ್ಲ.

ಕತ್ತಲಾದ ಮೇಲೆ ಕಲ್ಲುಕುಟಿಗ ಹರೂಮಫ ಬಾಗಿಲು ತಟ್ಟುತ್ತಾನೆ.
"ಎಣ್ಣೆ ತಯಾರಿದೆಯಾ?"
ಯಾರಿಗೆ ಅಂತ ನಾನು ಕೇಳುವುದಿಲ್ಲ,
ಅವನೂ ಹೇಳುವುದಿಲ್ಲ.
ರಕ್ತಬೋಳ ತುಟ್ಟಿ ಅಂದು ಕಳಿಸುತ್ತೇನೆ.

ನಿನ್ನೆ ಅವನ ಅಂಗೈಯಲ್ಲೊಂದು ಕಲ್ಲಿತ್ತು.
ಬೂದಿಯಡಿ ಸಿಕ್ಕಿತಂತೆ, ಅದೇ ಗೀರು, ನಮ್ಮದರ ಅವಳಿ.
ತಕ್ಕಡಿಯಲ್ಲಿಟ್ಟೆವು.
ನಮ್ಮದು ಮೇಲೇರಿತು,
ಎರಡು ಜವೆಕಾಳಿನಷ್ಟು.

ಅಜ್ಜಿಯ ನಾಲಿಗೆ ತಿಂದದ್ದೆಷ್ಟೋ.
ಕಾಲುವೆ ದಂಡೆಯ ಇಟ್ಟಿಗೆ ಗೂಡಲ್ಲಿ ಅಮ್ಮನ ಮುಷ್ಟಿ,
ನಿದ್ದೆ ಬಾರದ ರಾತ್ರಿ ನನ್ನ ಹೆಬ್ಬೆರಳು.
"ಇದೇ ಸರಿಯಾದ ತೂಕ, ಇನ್ನು ಇದನ್ನೇ ಇಟ್ಟುಕೋ"
ಅಂದ ಹರೂಮಫ, ತನ್ನದನ್ನು ಮುಂದೆ ತಳ್ಳಿ.

ಸರಿಯೇ ಇರಬಹುದು.
ಅದು ಇಷ್ಟು ವರ್ಷ ಮಣ್ಣಡಿ ಮಲಗಿತ್ತು.
ಇದು ನಮ್ಮ ಜೊತೆ ಸೆರೆಗೆ ಬಂದಿತ್ತು.

ಬರುವವನು ಬರಲಿ.
ಕತ್ತೆಯ ಮೇಲೋ ಮೋಡದ ಮೇಲೋ ಅವನಿಷ್ಟ.
ನಾನು ತೂಗುವುದು ಅಜ್ಜಿಯ ಕಲ್ಲಿನಲ್ಲೇ.
ಒಂದೊಂದು ತೂಕಕ್ಕೂ ಎರಡು ಜವೆಕಾಳು
ಕಮ್ಮಿ ಬೀಳುತ್ತದೆ ಅವನ ತಲೆಗೆ.
ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ನಂಬಿ
ನ್ಯಾಯ ಹೇಳುವವನಲ್ಲವಂತೆ ಅವನು.
ಹಾಗಾದರೆ ಮೂಗಾದರೂ ಇದ್ದೀತು.

ಎಣ್ಣೆ ಹಣೆಗಿಳಿಯುವಾಗ ಒಂದು ಗಳಿಗೆ ತಡೆದು
ಏನೋ ಕಮ್ಮಿಯಿದೆ, ಎಲ್ಲಿ ಸವೆಯಿತು
ಅಂತ ಕೇಳಬೇಕು.
ಕೇಳದಿದ್ದರೆ
ಕೊಂಬು ಮುಚ್ಚಿ ಮತ್ತೆ ಗೂಟಕ್ಕೆ ತೂಗುಹಾಕುತ್ತೇನೆ.